ಉಪಯುಕ್ತತಾವಾದವೂ ಕ್ರೈಸ್ತರ ಕೇಡಿನ ಸಮಸ್ಯೆಯೂ

೧೭೩೧ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಗ್ರಂಥವು ಪ್ರಕಟವಾಯಿತು. ಮುಂದೆ ಐರ್ಲೆಂಡಿನ ಡಬ್ಲಿನ್ ನಗರದ ಆರ್ಚ್‌ಬಿಷಪ್ಪನಾದ ವಿಲಿಯಂ ಕಿಂಗನು ೧೭೦೨ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದಿದ್ದ, ಕೇಡಿನ ಮೂಲವನ್ನು ಕುರಿತ ಪ್ರಬಂಧದ ಇಂಗ್ಲಿಷ್ ಅನುವಾದವದು. ಅನುವಾದಿಸಿದವನು ಕೇಂಬ್ರಿಜ್ಜಿನ ಎಡ್ಮಂಡ್ ಲಾ ಎಂಬ ತರುಣ ಪಾದ್ರಿ. ಗ್ರಂಥದ ಮೊದಲಿಗೆ ಬೇರೊಬ್ಬನ ಕೈಯಿಂದ ಬಂದ ಪುಟ್ಟದೊಂದು ನಿಬಂಧವನ್ನು ಅವನು ಕರ್ತೃವಿನ ಹೆಸರಿಲ್ಲದೆ ಸೇರಿಸಿದ್ದನು. ಅದನ್ನು ಬರೆದವನು ಜಾನ್ ಗೇ. ಅದೇ ಕಾಲದಲ್ಲಿದ್ದ ಅದೇ ಹೆಸರಿನ ನಾಟಕಕಾರನಲ್ಲ. ಇವನೂ ಕೇಂಬ್ರಿಜ್ಜಿನವನೇ ಆದ ಒಬ್ಬ ಪಾದ್ರಿ. ಸದಾಚಾರದ ಮೂಲತತ್ತ್ವ ಯಾವುದು ಎಂಬುದು ಆ ನಿಬಂಧದ ವಿಷಯ. ಮುಂದೆ ಉಪಯುಕ್ತತಾವಾದವೆಂದು ಪ್ರಸಿದ್ಧವಾದ ನೀತಿದರ್ಶನದ ಮೊದಲ ಸ್ಪಷ್ಟ ರೂಪಗಳಲ್ಲಿ ಅದೂ ಒಂದೆಂದು ಚರಿತ್ರಕಾರರು ಎಣಿಸುತ್ತಾರೆ.

ಹೀಗೆ, ದೇವರು ಸೃಷ್ಟಿಸಿದ ಲೋಕದಲ್ಲಿ ಕೇಡು ಏಕಿದೆ ಎಂಬ ಪ್ರಶ್ನೆಯೂ, ಮನುಷ್ಯನು ಯಾವುದನ್ನು ಒಳ್ಳೆಯದೆಂದು ಬಗೆದು ಆಚರಿಸಬೇಕು ಎಂಬ ಪ್ರಶ್ನೆಗೆ ಉಪಯುಕ್ತತಾವಾದವಿತ್ತ ಉತ್ತರವೂ ಒಂದೇ ರಟ್ಟಿನೊಳಗೆ ಅಚ್ಚಾಗಿ ಹೊರಬಂದವು. ಇದು ಕೇವಲ ಆಕಸ್ಮಿಕವಲ್ಲ. ಎರಡಕ್ಕೂ ಆಧಾರವಾಗಿರುವ ವಿಚಾರಕ್ರಮ ಒಂದೇ ಆಗಿದ್ದಿತು. ಆ ವಿಚಾರಕ್ರಮವನ್ನು ದೇವರ ವಿಷಯದಲ್ಲಿ ಒಪ್ಪಿದವರು ಮನುಷ್ಯರ ವಿಷಯದಲ್ಲಿ ಏಕೆ ಹಿಂಜರಿದರು, ಮನುಷ್ಯರ ವಿಷಯದಲ್ಲಿ ಒಪ್ಪಿದವರು ದೇವರ ವಿಷಯದಲ್ಲಿ ಏಕೆ ಸಿಡಿದೆದ್ದರು ಎಂಬುದೇ ಮುಂದಿನ ಎರಡೂವರೆ ಶತಮಾನಗಳ ವಾದದ ತಿರುಳು.

ಮೊದಲು ಸಮಸ್ಯೆಯ ಸ್ವರೂಪವನ್ನು ತಿಳಿಯಬೇಕು. ಕ್ರೈಸ್ತ ದರ್ಶನದಲ್ಲಿ ಸೃಷ್ಟಿಕರ್ತನು ಒಬ್ಬನೇ. ಅವನು ಯಾವ ಉಪಾದಾನದ ಹಂಗೂ ಇಲ್ಲದೆ ತನ್ನ ಇಚ್ಛೆಯೊಂದರಿಂದಲೇ ಜಗತ್ತನ್ನು ಉಂಟುಮಾಡಿದನು. ಅವನು ಸರ್ವಶಕ್ತ, ಸರ್ವಜ್ಞ, ಪರಮದಯಾಳು. ಹಾಗಿದ್ದ ಮೇಲೆ ಕೇಡನ್ನು ತಡೆಯಲು ಅವನಿಗೆ ಶಕ್ತಿಯಿಲ್ಲವೆನ್ನುವಂತಿಲ್ಲ, ತಿಳಿವಿಲ್ಲವೆನ್ನುವಂತಿಲ್ಲ, ಮನಸ್ಸಿಲ್ಲವೆನ್ನುವಂತೆಯೂ ಇಲ್ಲ. ಜನ್ಮಾಂತರದ ಕರ್ಮವನ್ನು ನಂಬುವವರಿಗೆ ಹಸುಗೂಸಿನ ನೋವಿಗೂ ಒಂದು ಕಾರಣವನ್ನು ಹೇಳಲು ಬರುತ್ತದೆ. ಆ ಕಾರಣದಿಂದ ಕೇಳಿದವರಿಗೆ ತೃಪ್ತಿಯಾಗುವುದೋ ಇಲ್ಲವೋ ಎಂಬುದು ಬೇರೆ ಮಾತು. ಒಂದೇ ಜನ್ಮವನ್ನು ನಂಬುವ ಕ್ರೈಸ್ತರಿಗೆ ಆ ದಾರಿಯಿಲ್ಲ. ಆದುದರಿಂದ ಅವರಲ್ಲಿ ಈ ಪ್ರಶ್ನೆಯು ನೇರವಾಗಿ ದೇವರ ಬಾಗಿಲಿಗೇ ಹೋಗಿ ನಿಲ್ಲುತ್ತದೆ.

ಕಿಂಗನು ಕೊಟ್ಟ ಉತ್ತರದ ಸಾರ ಹೀಗಿದೆ. ಸೃಷ್ಟಿಯಾದ ಯಾವ ವಸ್ತುವೂ ಸೃಷ್ಟಿಕರ್ತನಷ್ಟು ಪೂರ್ಣವಾಗಿರಲು ಸಾಧ್ಯವಿಲ್ಲ. ಅಪೂರ್ಣತೆ ಇದ್ದಲ್ಲಿ ನೋವು ಬರುತ್ತದೆ. ಆಯ್ಕೆಯ ಸ್ವಾತಂತ್ರ್ಯ ಇದ್ದಲ್ಲಿ ಪಾಪ ಬರುತ್ತದೆ. ಇವೆರಡನ್ನೂ ನಿವಾರಿಸಹೊರಟರೆ ಅವುಗಳಿಗಿಂತ ಹಿರಿದಾದ ಒಳ್ಳೆಯದು ನಷ್ಟವಾಗುತ್ತದೆ. ಹೀಗಾಗಿ ಒಟ್ಟಾರೆ ನೋಡಿದರೆ ಇರುವ ವ್ಯವಸ್ಥೆಯೇ ಲೇಸು. ಜರ್ಮನಿಯ ಲೈಬ್ನಿಟ್ಸನು ೧೭೧೦ರಲ್ಲಿ ಪ್ರಕಟಿಸಿದ ತನ್ನ ದೈವಸಮರ್ಥನ ಗ್ರಂಥಕ್ಕೆ ಕಿಂಗನ ಕೃತಿಯ ವಿಮರ್ಶೆಯನ್ನು ಅನುಬಂಧವಾಗಿ ಸೇರಿಸಿದ್ದುಂಟು. ಇಬ್ಬರಲ್ಲಿಯೂ ಭಿನ್ನಾಭಿಪ್ರಾಯಗಳಿದ್ದರೂ ‘ಒಟ್ಟಾರೆ’ ಎಂಬ ಮಾತು ಇಬ್ಬರಿಗೂ ಸಮಾನ. ಆ ಮಾತನ್ನು ಇಲ್ಲಿ ನೆನಪಿನಲ್ಲಿಡಬೇಕು.

ಜಾನ್ ಗೇಯ ನಿಬಂಧವು ಅದೇ ತಕ್ಕಡಿಯನ್ನು ಮನುಷ್ಯನ ಕೈಗೆ ಕೊಡುತ್ತದೆ. ದೇವರು ತನ್ನಲ್ಲಿಯೇ ಅನಂತ ಸುಖಿ. ಆದುದರಿಂದ ಸೃಷ್ಟಿಯಿಂದ ಅವನಿಗೆ ಆಗಬೇಕಾದ ಲಾಭವೇನೂ ಇಲ್ಲ. ಜೀವಿಗಳ ಸುಖವೇ ಅವನ ಉದ್ದೇಶವಾಗಿರಬೇಕು. ದೇವರ ಇಚ್ಛೆಯಂತೆ ನಡೆಯುವುದೇ ಸದಾಚಾರವಾದರೆ, ಮಾನವಕುಲದ ಸುಖವನ್ನು ಹೆಚ್ಚಿಸುವ ಕರ್ಮವೇ ದೇವರ ಇಚ್ಛೆಗೆ ಅನುಗುಣವಾದ ಕರ್ಮ. ನಾಸ್ತಿಕರು ಕಟ್ಟಿದ ಸಿದ್ಧಾಂತವೆಂದು ಸಾಮಾನ್ಯವಾಗಿ ಭಾವಿಸಲಾಗುವ ಉಪಯುಕ್ತತಾವಾದವು ಇಂಗ್ಲೆಂಡಿನಲ್ಲಿ ಹೀಗೆ ಪಾದ್ರಿಗಳ ಮಡಿಲಲ್ಲಿ ಬೆಳೆಯಿತೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಈ ಪರಂಪರೆಯನ್ನು ಶಿಖರಕ್ಕೇರಿಸಿದವನು ವಿಲಿಯಂ ಪೇಲಿ (೧೭೪೩–೧೮೦೫). ೧೭೮೫ರಲ್ಲಿ ಹೊರಬಂದ ಅವನ ನೀತಿಶಾಸ್ತ್ರ ಗ್ರಂಥವು ಕೇಂಬ್ರಿಜ್ಜಿನಲ್ಲಿ ದಶಕಗಳ ಕಾಲ ಪಠ್ಯವಾಗಿದ್ದಿತು. ಅದನ್ನು ಅವನು ಅರ್ಪಿಸಿದ್ದು, ಆ ವೇಳೆಗೆ ಕಾರ್ಲೈಲಿನ ಬಿಷಪ್ಪನಾಗಿದ್ದ ಅದೇ ಎಡ್ಮಂಡ್ ಲಾನಿಗೆ. ದೇವರು ತನ್ನ ಜೀವಿಗಳ ಸುಖವನ್ನು ಬಯಸಿರಬಹುದು, ದುಃಖವನ್ನು ಬಯಸಿರಬಹುದು, ಇಲ್ಲವೆ ಎರಡರಲ್ಲಿಯೂ ಉದಾಸೀನನಾಗಿರಬಹುದು. ದುಃಖವನ್ನೇ ಬಯಸಿದ್ದರೆ ತಿನ್ನುವುದೆಲ್ಲ ಕಹಿಯಾಗಿಯೂ ಮುಟ್ಟುವುದೆಲ್ಲ ಮುಳ್ಳಾಗಿಯೂ ಇರುವಂತೆ ಇಂದ್ರಿಯಗಳನ್ನು ರಚಿಸಬಹುದಾಗಿತ್ತು, ಹಾಗೆ ರಚಿಸಿಲ್ಲ. ಹಲ್ಲು ಆಗಾಗ ನೋಯುವುದು ನಿಜ. ಆದರೆ ಅದನ್ನು ಮಾಡಿರುವುದು ಅಗಿಯುವುದಕ್ಕೆ, ನೋಯುವುದಕ್ಕಲ್ಲ. ಹೀಗೆ ಪೇಲಿಯು ವಾದಿಸುತ್ತಾನೆ. ದೇವರು ಸುಖವನ್ನೇ ಬಯಸುವುದಾದ ಮೇಲೆ ಸುಖಸಾಧಕವಾದುದು ಮನುಷ್ಯನಿಗೂ ಕರ್ತವ್ಯ. ೧೮೦೨ರಲ್ಲಿ ಅವನು ತನ್ನ ಕೊನೆಯ ಗ್ರಂಥವಾದ ನಿಸರ್ಗದೈವಶಾಸ್ತ್ರದಲ್ಲಿ ಇದೇ ವಾದವನ್ನು ಮುಂದುವರಿಸಿ, ನೋವು ಬಿಡುವು ಕೊಟ್ಟಾಗ ದೊರೆಯುವ ನೆಮ್ಮದಿಯನ್ನೂ ಸುಖದ ಜಮೆಗೆ ಸೇರಿಸುತ್ತಾನೆ. ಅದನ್ನು ಬರೆಯುವಾಗ ಅವನು ತಾನೇ ತೀವ್ರವಾದ ನೋವಿನ ರೋಗದಿಂದ ನರಳುತ್ತಿದ್ದನೆಂದು ತಿಳಿದಾಗ ಆ ಪುಟಗಳನ್ನು ಸುಲಭವಾಗಿ ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ಆದರೂ ನೋವುಂಡವನು ಹೇಳಿದನೆಂಬ ಮಾತ್ರಕ್ಕೆ ವಾದವು ಗಟ್ಟಿಯಾಗುವುದೂ ಇಲ್ಲ. ಒಬ್ಬನ ನೋವನ್ನು ಮತ್ತೊಬ್ಬನ ನಲಿವಿನಿಂದ ಕಳೆದು ಶೇಷವನ್ನು ತೋರಿಸುವ ಕ್ರಮವು ಅಲ್ಲಿ ಹಾಗೆಯೇ ಉಳಿದಿದೆ.

ಈ ಕ್ರಮದ ಅಪಾಯವನ್ನು ಪೇಲಿಗಿಂತ ಅರ್ಧ ಶತಮಾನ ಮೊದಲೇ ಕಂಡವನು ಬಿಷಪ್ ಜೋಸೆಫ್ ಬಟ್ಲರನು. ೧೭೩೬ರಲ್ಲಿ ಪ್ರಕಟವಾದ ತನ್ನ ಪ್ರಧಾನ ಗ್ರಂಥದ ಕೊನೆಗೆ ಅವನು ಸದಾಚಾರದ ಸ್ವರೂಪವನ್ನು ಕುರಿತ ಚಿಕ್ಕ ನಿಬಂಧವೊಂದನ್ನು ಜೋಡಿಸಿದ್ದಾನೆ. ಅದರಲ್ಲಿ ಅವನು ಮಾಡುವ ಭೇದವು ಅತ್ಯಂತ ಸೂಕ್ಷ್ಮವಾದುದು. ಸೃಷ್ಟಿಕರ್ತನ ಸ್ವಭಾವವು ಕೇವಲ ಪರಹಿತವೇ ಆಗಿದ್ದರೂ ಆಗಿರಬಹುದು. ಆದರೆ ನಮ್ಮ ಸ್ವಭಾವ ಹಾಗಿಲ್ಲ. ಸುಳ್ಳು, ಹಿಂಸೆ, ಅನ್ಯಾಯಗಳನ್ನು ಅವುಗಳ ಫಲಾಫಲವನ್ನು ಎಣಿಸದೆಯೇ ಖಂಡಿಸುವಂತೆ ಅವನು ನಮ್ಮನ್ನು ನಿರ್ಮಿಸಿದ್ದಾನೆ. ಲೋಕದ ಒಟ್ಟು ಸುಖವನ್ನು ನೋಡಿಕೊಳ್ಳುವುದು ಜಗದೊಡೆಯನ ಹೊಣೆ. ಮನುಷ್ಯನ ಹೊಣೆ ಸತ್ಯ ನ್ಯಾಯಗಳ ಎಲ್ಲೆಯೊಳಗೆ ಪರಹಿತವನ್ನು ಸಾಧಿಸುವುದು. ಅಂದರೆ ಉಪಯುಕ್ತತಾವಾದವು ನಿಜವೇ ಆಗಿದ್ದರೆ ಅದು ದೇವರೊಬ್ಬನಿಗೆ ಮಾತ್ರ ಸಲ್ಲುವ ನೀತಿ. ಮನುಷ್ಯನು ಅದನ್ನು ಕೈಗೆತ್ತಿಕೊಂಡರೆ ತನಗಿಲ್ಲದ ಸರ್ವಜ್ಞತ್ವವನ್ನು ಆರೋಪಿಸಿಕೊಂಡಂತೆ.

ಈ ಭೇದವು ಮನುಷ್ಯನ ನೀತಿಯನ್ನು ರಕ್ಷಿಸುತ್ತದೆ, ಸಂದೇಹವಿಲ್ಲ. ಆದರೆ ದೇವರನ್ನು ಕುರಿತ ಪ್ರಶ್ನೆಯನ್ನು ಅದು ಇನ್ನಷ್ಟು ಮೊನಚಾಗಿಸುತ್ತದೆ. ಮನುಷ್ಯನು ಮಾಡಿದರೆ ಘೋರ ಪಾಪವೆನಿಸುವ ಎಣಿಕೆಯು ದೇವರು ಮಾಡಿದರೆ ಪರಮ ದಯೆ ಹೇಗಾಗುತ್ತದೆ?

೧೭೫೫ನೆಯ ನವೆಂಬರ್ ೧ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಇಗರ್ಜಿಗಳು ಭಕ್ತರಿಂದ ತುಂಬಿದ್ದ ವೇಳೆಯಲ್ಲಿ ಲಿಸ್ಬನ್ ನಗರವು ಭೂಕಂಪಕ್ಕೆ ತುತ್ತಾಯಿತು. ಅದರ ಹಿಂದೆಯೇ ಸಮುದ್ರವು ಉಕ್ಕಿ ಬಂದಿತು, ಬೆಂಕಿಯೂ ಹೊತ್ತಿಕೊಂಡಿತು. ಹತ್ತಾರು ಸಾವಿರ ಜನ ಸತ್ತರು. ಫ್ರಾನ್ಸಿನ ವೋಲ್ಟೇರನು ಇದನ್ನು ಕುರಿತು ಬರೆದ ಕವನವೂ, ೧೭೫೯ರ ‘ಕ್ಯಾಂಡೀಡ್’ ಎಂಬ ಕಥೆಯೂ ಸಾಹಿತ್ಯ ವಿದ್ಯಾರ್ಥಿಗಳಿಗೆ ಪರಿಚಿತವೇ. ಅಷ್ಟು ಪರಿಚಿತವಲ್ಲದ, ಆದರೆ ನೀತಿಯ ದೃಷ್ಟಿಯಿಂದ ಅದಕ್ಕಿಂತ ತೀಕ್ಷ್ಣವಾದ ಬರಹವೊಂದು ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬಂದಿತು. ಸೋಮ್ ಜೆನಿನ್ಸ್ ಎಂಬ ಪಾರ್ಲಿಮೆಂಟ್ ಸದಸ್ಯನು ೧೭೫೭ರಲ್ಲಿ ಕೇಡಿನ ಮೂಲವನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿ, ಸೃಷ್ಟಿಯ ಸೋಪಾನದಲ್ಲಿ ಕೆಳಗಿನವರ ಕಷ್ಟವು ಮೇಲಿನವರ ಸುಖಕ್ಕೆ ಒದಗುತ್ತದೆಂದು ವಾದಿಸಿದನು. ನಾವು ಪ್ರಾಣಿಗಳನ್ನು ನಮ್ಮ ಪ್ರಯೋಜನಕ್ಕೂ ವಿನೋದಕ್ಕೂ ಬಳಸುವಂತೆ ನಮಗಿಂತ ಮೇಲಿನ ಅದೃಶ್ಯ ಜೀವಿಗಳು ನಮ್ಮನ್ನು ಬಳಸುತ್ತಿರಬಹುದೆಂದನು. ಬಡವರ ಅಜ್ಞಾನವು ಅವರ ಕಷ್ಟಕ್ಕೆ ದೇವರು ಕೊಟ್ಟ ಅಫೀಮು ಎಂದೂ ಹೇಳಿದನು.

ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನನು ಆ ಪುಸ್ತಕವನ್ನು ಅದೇ ವರ್ಷ ಪತ್ರಿಕೆಯೊಂದರಲ್ಲಿ ವಿಮರ್ಶಿಸಿದನು. ಜಾನ್ಸನನು ನಿಷ್ಠಾವಂತ ಕ್ರೈಸ್ತ. ದೇವರನ್ನು ಅಲ್ಲಗಳೆಯುವ ಉದ್ದೇಶ ಅವನಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಅವನು ಬಡತನವನ್ನು ಉಂಡವನು, ಜೆನಿನ್ಸನು ಪುಸ್ತಕದಲ್ಲಿ ಕಂಡವನು. ಮನುಷ್ಯರು ನಾಯಿಮರಿಗಳನ್ನು ಮುಳುಗಿಸಿ ಆಟವಾಡುವಂತೆ ಆ ಅದೃಶ್ಯ ಜೀವಿಗಳು ಹಡಗನ್ನು ಮುಳುಗಿಸಿ ವಿನೋದಪಡುತ್ತವೆಯೋ ಎಂಬ ಧಾಟಿಯಲ್ಲಿ ಅವನು ಆ ಊಹೆಯನ್ನು ಹಿಂಜಿ ಎಸೆದನು. ಅವನ ಆಕ್ಷೇಪದ ಮೂಲವಿಷ್ಟೆ: ನರಳುವವನಿಗೆ ತಿಳಿಯದಂತಹ, ಅವನಿಗೆ ಯಾವ ಪಾಲೂ ಇಲ್ಲದಂತಹ ಲಾಭವೊಂದು ಬೇರೆಲ್ಲಿಯೋ ಆಗುತ್ತಿದೆಯೆಂದರೆ ಅದು ಅವನ ನೋವಿಗೆ ಉತ್ತರವಾಗುವುದಿಲ್ಲ. ಈ ವಿಷಯದಲ್ಲಿ ಒಬ್ಬ ಆಸ್ತಿಕನು ಮತ್ತೊಬ್ಬ ಆಸ್ತಿಕನಿಗೆ ಹಾಕಿದ ಇಂತಹ ಖಾರವಾದ ಛೀಮಾರಿಯು ವಿರಳ.

ಜೆರೆಮಿ ಬೆಂಥಾಮನೊಡನೆ ಉಪಯುಕ್ತತಾವಾದವು ಇಗರ್ಜಿಯಿಂದ ಹೊರಬಂದಿತು. ೧೭೮೯ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ದೇವರ ಇಚ್ಛೆಯು ನೀತಿಗೆ ಸ್ವತಂತ್ರವಾದ ಆಧಾರವಲ್ಲ. ಯಾವುದು ಒಳ್ಳೆಯದೆಂದು ಮೊದಲೇ ನಿರ್ಣಯಿಸಿದ ಮೇಲೆ ಅದನ್ನೇ ದೇವರ ಇಚ್ಛೆಯೆಂದು ಜನ ಕರೆಯುತ್ತಾರೆಂಬುದು ಅವನ ನಿಲುವು. ಪೇಲಿಯಲ್ಲಿ ದೇವರು ಹಾಕಿಕೊಟ್ಟಿದ್ದ ಲೆಕ್ಕವನ್ನು ಬೆಂಥಾಮನು ಶಾಸನಕರ್ತರಿಗೆ ಒಪ್ಪಿಸಿದನು.

ಅವನ ಶಿಷ್ಯ ಜೇಮ್ಸ್ ಮಿಲ್ಲನ ಕಥೆ ಇನ್ನೂ ಅರ್ಥಪೂರ್ಣವಾದುದು. ಭಾರತದ ಇತಿಹಾಸವನ್ನು ಭಾರತಕ್ಕೆ ಬಾರದೆಯೇ ಬರೆದು, ಅದರ ಬಲದಿಂದ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಉದ್ಯೋಗ ಪಡೆದ ಈತನು ಮೊದಲು ಸ್ಕಾಟ್ಲೆಂಡಿನ ಇಗರ್ಜಿಯಲ್ಲಿ ಉಪದೇಶ ಮಾಡಲು ಅಧಿಕಾರ ಪಡೆದಿದ್ದವನು. ಅವನು ಮತವನ್ನು ತೊರೆದ ಕಾರಣವನ್ನು ಮಗನಾದ ಜಾನ್ ಸ್ಟೂಅರ್ಟ್ ಮಿಲ್ಲನು ೧೮೭೩ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ವಿವರಿಸಿದ್ದಾನೆ. ಅದು ತರ್ಕದ ತೊಡಕಿಗಿಂತ ಹೆಚ್ಚಾಗಿ ನೀತಿಯ ತೊಡಕು. ಇಷ್ಟು ಕೇಡು ತುಂಬಿದ ಲೋಕವನ್ನು ಅನಂತ ಶಕ್ತಿಯೂ ಪರಿಪೂರ್ಣ ಸಾಧುತ್ವವೂ ಕೂಡಿರುವ ಒಬ್ಬ ಕರ್ತನು ಮಾಡಿದನೆಂದು ನಂಬುವುದು ಆ ತಂದೆಗೆ ಸಾಧ್ಯವಾಗಲಿಲ್ಲ. ಅನೇಕರು ಸೃಷ್ಟಿಯಾಗುವ ಮೊದಲೇ ನರಕಕ್ಕೆ ಗೊತ್ತಾದವರು ಎಂಬ ಉಪದೇಶವನ್ನು ಕೇಳಿ ಬೆಳೆದವನು ಆ ದೇವರನ್ನು ಪೂಜಿಸುವುದೇ ಅನೀತಿ ಎನ್ನುವ ಹಂತಕ್ಕೆ ಬಂದನು.

ಮಗನು ತಂದೆಗಿಂತ ಮೃದು, ಆದರೆ ಅವನಷ್ಟೇ ನಿಷ್ಠುರ. ೧೮೬೧ರಲ್ಲಿ ಮಾಸಪತ್ರಿಕೆಯೊಂದರಲ್ಲಿ ಬಿಡಿ ಲೇಖನಗಳಾಗಿ ಬಂದ ಅವನ ‘ಯುಟಿಲಿಟೇರಿಯನಿಸಂ’, ಈ ನೀತಿಯು ನಿರೀಶ್ವರವೆಂಬ ಆರೋಪವನ್ನು ನಿರಾಕರಿಸುತ್ತದೆ. ದೇವರು ಜೀವಿಗಳ ಸುಖವನ್ನು ಬಯಸುವುದು ನಿಜವಾದರೆ ಇದಕ್ಕಿಂತ ಧಾರ್ಮಿಕವಾದ ನೀತಿ ಬೇರೊಂದಿಲ್ಲವೆಂದೂ, ತನ್ನಂತೆ ಪರರನ್ನು ಬಗೆಯಬೇಕೆಂಬ ಯೇಸುವಿನ ಬೋಧೆಯಲ್ಲಿ ಅದರ ಪೂರ್ಣ ಜೀವಾಳವಿದೆಯೆಂದೂ ಅವನು ಹೇಳಿದನು. ಆದರೆ ಹೆನ್ರಿ ಮ್ಯಾನ್ಸೆಲ್ ಎಂಬ ಆಕ್ಸ್‌ಫರ್ಡ್ ಪಂಡಿತನು ೧೮೫೮ರ ಉಪನ್ಯಾಸಗಳಲ್ಲಿ, ದೇವರ ಸಾಧುತ್ವವನ್ನು ಮನುಷ್ಯರ ನೀತಿಕಲ್ಪನೆಗಳಿಂದ ಅಳೆಯಕೂಡದೆಂದು ಪ್ರತಿಪಾದಿಸಿದಾಗ ಮಿಲ್ಲನ ತಾಳ್ಮೆ ತಪ್ಪಿತು. ಸಹಮಾನವರ ವಿಷಯದಲ್ಲಿ ‘ಒಳ್ಳೆಯ’ ಎಂಬ ಪದಕ್ಕೆ ಯಾವ ಅರ್ಥವೋ ಆ ಅರ್ಥದಲ್ಲಿ ಒಳ್ಳೆಯವನಲ್ಲದ ಯಾವನನ್ನೂ ತಾನು ಒಳ್ಳೆಯವನೆಂದು ಕರೆಯಲಾರೆನೆಂದೂ, ಹಾಗೆ ಕರೆಯದ ಅಪರಾಧಕ್ಕೆ ನರಕವೇ ಶಿಕ್ಷೆಯಾದರೆ ಅದಕ್ಕೂ ಸಿದ್ಧನೆಂದೂ ೧೮೬೫ರಲ್ಲಿ ಅವನು ಉತ್ತರಿಸಿದನು.

ಬಟ್ಲರನು ಕೊಯ್ದಿಟ್ಟ ಭೇದಕ್ಕೆ ಮಿಲ್ಲನ ಉತ್ತರವು ಇಲ್ಲಿದೆ. ಸಾಧುತ್ವವೆಂಬ ಪದಕ್ಕೆ ದೇವರಲ್ಲಿ ಒಂದರ್ಥ, ಮನುಷ್ಯರಲ್ಲಿ ಇನ್ನೊಂದರ್ಥವಾದರೆ ದೇವರು ಸಾಧುವೆಂಬ ಸ್ತುತಿಗೆ ಅರ್ಥವೇ ಉಳಿಯದು. ಅರ್ಥವು ಒಂದೇ ಆದರೆ ಲೋಕದ ನೋವಿಗೆ ಅವನು ಉತ್ತರ ಹೇಳಬೇಕಾಗುತ್ತದೆ. ೧೮೭೪ರಲ್ಲಿ ಮರಣಾನಂತರ ಪ್ರಕಟವಾದ ಧರ್ಮವಿಷಯಕ ಪ್ರಬಂಧಗಳಲ್ಲಿ ಮಿಲ್ಲನು ಮೂರನೆಯ ದಾರಿಯೊಂದನ್ನು ಸೂಚಿಸಿದನು. ದೇವರಿದ್ದರೆ ಅವನು ಸಾಧುವೇ ಹೌದು, ಆದರೆ ಸರ್ವಶಕ್ತನಲ್ಲ. ಕೇಡಿನೊಡನೆ ಅವನೂ ಹೆಣಗುತ್ತಿದ್ದಾನೆ, ಮನುಷ್ಯನು ಅವನ ಸಹಾಯಕ. ದುರಂತವನ್ನು ಕಂಡು ಇದರಿಂದಲೂ ಒಳಿತೇ ಆಗುತ್ತದೆಂದು ಸುಮ್ಮನಿರುವ ಭಕ್ತನಿಗಿಂತ, ಇದು ಆಗಬಾರದಿತ್ತೆಂದು ಕೈನೀಡುವ ಭಕ್ತನು ಆ ದೇವರಿಗೆ ಹತ್ತಿರದವನು. ಸಾಂಪ್ರದಾಯಿಕ ಕ್ರೈಸ್ತರು ಇದನ್ನು ಒಪ್ಪುವಂತಿರಲಿಲ್ಲ. ಆದರೂ ಪೇಲಿಯ ನಿಶ್ಚಿಂತ ದೇವರಿಗಿಂತ ಮಿಲ್ಲನ ಹೆಣಗುವ ದೇವರಲ್ಲಿ ಪ್ರಾಮಾಣಿಕತೆ ಹೆಚ್ಚು.

ಕ್ರೈಸ್ತ ಧರ್ಮಗ್ರಂಥವು ಈ ಬಗೆಯ ಎಣಿಕೆಯನ್ನು ಕುರಿತು ಏನು ಹೇಳುತ್ತದೆಯೆಂಬುದನ್ನೂ ನೋಡಬೇಕು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ, ಒಳ್ಳೆಯದು ಬರಲೆಂದು ಕೆಟ್ಟದ್ದನ್ನು ಮಾಡೋಣವೆಂಬುದು ತಮ್ಮ ಬೋಧೆಯೆಂದು ಕೆಲವರು ಹೊರಿಸುವ ಅಪವಾದವನ್ನು ಉಗ್ರವಾಗಿ ತಿರಸ್ಕರಿಸುತ್ತಾನೆ. ರೋಮನ್ ಕೆಥೊಲಿಕರ ನೀತಿಶಾಸ್ತ್ರಕ್ಕೆ ಈ ವಾಕ್ಯವು ಅಡಿಗಲ್ಲು. ಇನ್ನು ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯವು ಇದಕ್ಕಿಂತ ವಿಚಿತ್ರವಾದುದು. ಯೇಸುವನ್ನು ಏನು ಮಾಡಬೇಕೆಂದು ಸಭೆ ಸೇರಿದಾಗ ಮಹಾಯಾಜಕನಾದ ಕಾಯಫನು, ಜನಾಂಗವೆಲ್ಲ ನಾಶವಾಗುವುದಕ್ಕಿಂತ ಒಬ್ಬ ಮನುಷ್ಯನು ಸಾಯುವುದು ಹಿತವೆಂದು ಸಲಹೆ ಕೊಡುತ್ತಾನೆ. ಶುದ್ಧ ಉಪಯುಕ್ತತೆಯ ತರ್ಕವೇ ಇದು. ಆದರೆ ಸುವಾರ್ತಿಕನು ಒಡನೆಯೇ, ಕಾಯಫನು ತನಗೆ ತಿಳಿಯದೆ ಪ್ರವಾದನೆಯನ್ನೇ ಮಾಡಿದನೆಂದು ಸೇರಿಸುತ್ತಾನೆ. ಒಂದೇ ಮಾತು ಕೊಲೆಗಡುಕರ ಲೆಕ್ಕವೂ ಹೌದು, ಲೋಕೋದ್ಧಾರದ ಸೂತ್ರವೂ ಹೌದು.

ಈ ಬಿಕ್ಕಟ್ಟನ್ನು ದಾಟಲು ಕ್ರೈಸ್ತ ಪಂಡಿತರು ಎರಡು ಭೇದಗಳನ್ನು ಹೇಳುತ್ತಾರೆ. ಮಾಡುವುದು ಬೇರೆ, ಆಗಗೊಡುವುದು ಬೇರೆ. ದೇವರು ಕೇಡನ್ನು ಮಾಡುವುದಿಲ್ಲ, ಆಗಗೊಟ್ಟು ಅದರಿಂದಲೂ ಒಳಿತನ್ನು ತೆಗೆಯುತ್ತಾನೆ ಎಂಬುದು ಮೊದಲನೆಯದು. ಹದಿಮೂರನೆಯ ಶತಮಾನದ ಅಕ್ವೈನಾಸನಲ್ಲಿಯೂ ಅವನಿಗಿಂತ ಹಿಂದಿನ ಆಗಸ್ಟೀನನಲ್ಲಿಯೂ ಇದು ಸ್ಪಷ್ಟವಾಗಿದೆ. ಮುಳುಗುವ ಮಗುವನ್ನು ದಡದಲ್ಲಿ ನಿಂತು ನೋಡುವ ಈಜುಗಾರನಿಗೆ ಈ ಭೇದವು ಎಷ್ಟು ರಕ್ಷೆ ಕೊಡುತ್ತದೆಂದು ಕೇಳಿದರೆ ಅದರ ದೌರ್ಬಲ್ಯವು ಕಾಣುತ್ತದೆ. ಎರಡನೆಯದು ಹೆಚ್ಚು ಬಲವುಳ್ಳದ್ದು: ಇತರರನ್ನು ಬಲಿಕೊಡುವುದು ಬೇರೆ, ತನ್ನನ್ನು ತಾನು ಅರ್ಪಿಸಿಕೊಳ್ಳುವುದು ಬೇರೆ. ಕಾಯಫನು ಮತ್ತೊಬ್ಬನ ಪ್ರಾಣವನ್ನು ತೂಗಿದನು; ಯೇಸು ತನ್ನ ಪ್ರಾಣವನ್ನು ತಾನೇ ಕೊಟ್ಟನು.

ಇಪ್ಪತ್ತನೆಯ ಶತಮಾನದಲ್ಲಿ ಈ ಭೇದಗಳೆಲ್ಲ ಪುಸ್ತಕದಿಂದ ಹೊರಗೆ ಬಂದು ಒರೆಗಲ್ಲಿಗೆ ತೀಡಲ್ಪಟ್ಟ ಸ್ಥಳವೊಂದುಂಟು. ಜಪಾನಿನಲ್ಲಿ ಕ್ರೈಸ್ತಮತಕ್ಕೆ ನಿಷೇಧವಿದ್ದ ಎರಡೂವರೆ ಶತಮಾನಗಳ ಕಾಲ ಗುಟ್ಟಾಗಿ ತಮ್ಮ ಭಕ್ತಿಯನ್ನು ಉಳಿಸಿಕೊಂಡು ಬಂದವರ ನೆಲೆ ನಾಗಸಾಕಿಯ ಉರಕಮಿ. ೧೯೪೫ನೆಯ ಆಗಸ್ಟ್ ೯ರಂದು ಅಮೆರಿಕದ ವಿಮಾನವು ಎರಡನೆಯ ಅಣುಬಾಂಬನ್ನು ಹೊತ್ತು ಮೊದಲು ಹೋದದ್ದು ಕೊಕುರ ನಗರದ ಮೇಲೆ. ಅಲ್ಲಿ ಗುರಿ ಕಾಣದೆ ನಾಗಸಾಕಿಗೆ ತಿರುಗಿತು. ಬಾಂಬು ಸಿಡಿದದ್ದು ಉರಕಮಿಯ ಮೇಲೆ. ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬಕ್ಕೆ ಸಿದ್ಧತೆಯಾಗಿ ಪಾಪನಿವೇದನೆ ಮಾಡಲು ಪ್ರಧಾನ ಇಗರ್ಜಿಯಲ್ಲಿ ನೆರೆದಿದ್ದವರೂ ಅದನ್ನು ಕೇಳುತ್ತಿದ್ದ ಪಾದ್ರಿಗಳೂ ಅಲ್ಲಿಯೇ ಸತ್ತರು. ಆ ಊರಿನ ಸುಮಾರು ಹನ್ನೆರಡು ಸಾವಿರ ಕೆಥೊಲಿಕರಲ್ಲಿ ಎಂಟು ಸಾವಿರದಷ್ಟು ಮಂದಿ ಉಳಿಯಲಿಲ್ಲ.

ಬಾಂಬು ಹಾಕಿಸಿದವರ ಸಮರ್ಥನೆ ಪ್ರಸಿದ್ಧವಾಗಿದೆ: ಯುದ್ಧವು ಬೇಗ ಮುಗಿದು ಅದಕ್ಕಿಂತ ಎಷ್ಟೋ ಹೆಚ್ಚು ಪ್ರಾಣಗಳು ಉಳಿದವು. ೧೯೫೬ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಮಾಜಿ ಅಧ್ಯಕ್ಷ ಟ್ರೂಮನ್ನನಿಗೆ ಗೌರವ ಪದವಿಯನ್ನು ಕೊಡಹೊರಟಾಗ ಎಲಿಜಬೆತ್ ಆನ್ಸ್ಕೊಂಬ್ ಎಂಬ ಕೆಥೊಲಿಕ್ ತತ್ತ್ವಜ್ಞಾನಿ ಸಭೆಯಲ್ಲಿ ಎದ್ದುನಿಂತು ವಿರೋಧಿಸಿದಳು. ಆಕೆಯ ಜೊತೆಗೆ ನಿಂತವರು ಬೆರಳೆಣಿಕೆಯ ಮಂದಿ. ಪದವಿಯ ಪ್ರದಾನವೇನೂ ನಿಲ್ಲಲಿಲ್ಲ. ನಿರಪರಾಧಿಗಳನ್ನು ಸಾಧನವಾಗಿ ಕೊಲ್ಲುವುದು ಯಾವ ಫಲಕ್ಕಾಗಿಯೂ ಕೊಲೆಯೇ ಎಂಬುದು ಆಕೆಯ ವಾದ. ಎರಡು ವರ್ಷಗಳ ಅನಂತರ ಬರೆದ ಲೇಖನವೊಂದರಲ್ಲಿ, ಫಲದಿಂದಲೇ ಕರ್ಮವನ್ನು ಅಳೆಯುವ ಎಲ್ಲ ನೀತಿಗಳಿಗೂ ಆಕೆ ಇಟ್ಟ ಹೊಸ ಹೆಸರು ಇಂದು ‘ಪರಿಣಾಮವಾದ’ವೆಂದು ರೂಢಿಯಲ್ಲಿದೆ.

ಇದು ಕೊಂದವರ ಪಕ್ಷದ ಲೆಕ್ಕ. ನಾಗಸಾಕಿಯಲ್ಲಿ ಸತ್ತವರ ಪಕ್ಷದಿಂದಲೂ ಒಂದು ಲೆಕ್ಕ ಬಂದಿತು. ತಕಾಶಿ ನಗಾಯ್ ಅಲ್ಲಿನ ವೈದ್ಯಕೀಯ ಕಾಲೇಜಿನ ಕ್ಷಕಿರಣ ತಜ್ಞ, ಕ್ರೈಸ್ತಮತವನ್ನು ಸ್ವೀಕರಿಸಿದ್ದವನು. ಬಾಂಬು ಬೀಳುವ ಮೊದಲೇ ಅವನಿಗೆ ರಕ್ತದ ಕ್ಯಾನ್ಸರ್ ತಗುಲಿದ್ದಿತು. ಬಾಂಬಿನ ದಿನ ಗಾಯಗೊಂಡಿದ್ದರೂ ರೋಗಿಗಳ ಶುಶ್ರೂಷೆಯಲ್ಲಿ ನಿಂತನು. ಮನೆಗೆ ಹೋದಾಗ ಕಂಡದ್ದು ಹೆಂಡತಿಯ ಸುಟ್ಟ ಎಲುಬುಗಳು. ಅದೇ ನವೆಂಬರ್ ೨೩ರಂದು ಇಗರ್ಜಿಯ ಹಾಳಿನ ಮುಂದೆ ನಡೆದ ಸತ್ತವರ ಪೂಜೆಯಲ್ಲಿ ಅವನು ಮಾತನಾಡಿದನು. ಗುರಿ ಕೊಕುರದಿಂದ ಇಲ್ಲಿಗೆ ತಿರುಗಿದ್ದು ದೈವಸಂಕಲ್ಪವಲ್ಲವೇ, ಯುದ್ಧವೆಂಬ ಮನುಷ್ಯಕುಲದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಕಳಂಕವಿಲ್ಲದ ಉರಕಮಿಯು ಸರ್ವಾಂಗಹೋಮವಾಗಿ ಆಯ್ಕೆಯಾಯಿತಲ್ಲವೇ, ಈ ಬಲಿಯಿಂದಲೇ ಶಾಂತಿ ಬಂದು ಅಸಂಖ್ಯ ಜನರು ಉಳಿದರಲ್ಲವೇ, ಇದಕ್ಕಾಗಿ ದೇವರನ್ನು ಕೊಂಡಾಡೋಣ ಎಂಬುದು ಆ ಮಾತಿನ ಸಾರ.

ಎಲ್ಲವನ್ನೂ ಕಳೆದುಕೊಂಡು ಬೂದಿಯ ನಡುವೆ ನಿಂತ ಮನುಷ್ಯನ ಈ ನುಡಿಗಳನ್ನು ಹೊರಗಿನವರು ಹಗುರವಾಗಿ ತೂಗಬಾರದು. ಕ್ರೈಸ್ತರಾದ ಕಾರಣಕ್ಕೇ ನಿಮಗೆ ದೈವದಂಡನೆ ಬಂತೆಂದು ನೆರೆಯವರು ಆಡಿಕೊಳ್ಳುತ್ತಿದ್ದ ಸಂದರ್ಭದಲ್ಲಿ, ಸತ್ತವರಿಗೆ ಮರ್ಯಾದೆಯನ್ನು ತಂದ ನುಡಿಗಳವು. ಆದರೆ ವಿಚಾರದ ದೃಷ್ಟಿಯಿಂದ ನೋಡಿದಾಗ ಒಂದು ಸಂಗತಿಯು ಬೆಚ್ಚಿಸುತ್ತದೆ. ಕೆಲವರು ಸತ್ತರು, ಬಹುಜನ ಉಳಿದರು, ಆದುದರಿಂದ ಅದು ಆಗತಕ್ಕದ್ದೇ ಆಗಿತ್ತು ಎಂಬ ಬಾಂಬಿನ ಸಮರ್ಥಕರ ವಾಕ್ಯವೇ ಪ್ರಾರ್ಥನೆಯ ಉಡುಪಿನಲ್ಲಿ ಇಲ್ಲಿಯೂ ಬಂದಿದೆ. ಮೇಲೆ ಹೇಳಿದ ಎರಡನೆಯ ಭೇದವನ್ನು ಇಲ್ಲಿ ನೆನೆಯಬೇಕು. ನಗಾಯ್ ತನ್ನ ನೋವನ್ನು ಅರ್ಪಣೆಯೆಂದು ಕರೆದುಕೊಳ್ಳುವ ಅಧಿಕಾರವುಳ್ಳವನು. ಪಾಪನಿವೇದನೆಗೆ ಸಾಲುಗಟ್ಟಿ ನಿಂತಿದ್ದವರು ತಮ್ಮನ್ನು ಅರ್ಪಿಸಿಕೊಂಡಿರಲಿಲ್ಲ. ಅವರನ್ನು ಯಾರೂ ಕೇಳಿರಲೂ ಇಲ್ಲ. ಜಪಾನಿನಲ್ಲಿಯೇ ಮುಂದೆ ಕೆಲವು ಲೇಖಕರು ಈ ಹೋಮಸಿದ್ಧಾಂತವನ್ನು ಟೀಕಿಸಿದರು. ಅದು ಯುದ್ಧವನ್ನು ಹೂಡಿದವರನ್ನೂ ಬಾಂಬನ್ನು ಹಾಕಿದವರನ್ನೂ ಏಕಕಾಲಕ್ಕೆ ಹೊಣೆಯಿಂದ ಬಿಡಿಸುತ್ತದೆಂಬುದು ಅವರ ಆಕ್ಷೇಪ. ೧೯೮೧ರ ಫೆಬ್ರವರಿಯಲ್ಲಿ ಹಿರೊಷಿಮಾಕ್ಕೆ ಬಂದ ಪೋಪ್ ಎರಡನೆಯ ಜಾನ್ ಪಾಲರು ಯುದ್ಧವು ಮನುಷ್ಯನ ಕೃತ್ಯವೆಂದು ಸ್ಪಷ್ಟವಾಗಿ ನುಡಿದರು. ಅಷ್ಟು ವರ್ಷ ಬಾಯಿಬಿಡದಿದ್ದ ಉರಕಮಿಯ ಕೆಲವರಿಗೆ ಆ ಮಾತಿನಿಂದ ನಾಲಗೆ ಬಂದಿತೆನ್ನುತ್ತಾರೆ. ದೇವರ ಸಂಕಲ್ಪವೆಂದು ಹೇಳಿದ್ದಾಗ ಅಳುವುದಕ್ಕೂ ಅವಕಾಶವಿರಲಿಲ್ಲ.

ಈ ಬಗೆಯ ದೈವಸಮರ್ಥನೆಯ ಮೇಲೆ ಬಿದ್ದ ಅತಿ ದೊಡ್ಡ ಪೆಟ್ಟು ನಾಸ್ತಿಕರದ್ದಲ್ಲ. ರಷ್ಯದ ದಾಸ್ತೋವ್ಸ್ಕಿಯು ೧೮೮೦ರಲ್ಲಿ ಮುಗಿಸಿದ ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಇವಾನನು ತನ್ನ ತಮ್ಮನಾದ ಅಲ್ಯೋಶನನ್ನು ಕೇಳುವ ಪ್ರಶ್ನೆ ಅದು. ಮನುಕುಲದ ನಿತ್ಯಸುಖದ ಸೌಧವನ್ನು ಕಟ್ಟಲು ಒಂದೇ ಒಂದು ಮಗುವನ್ನು ಹಿಂಸಿಸಬೇಕಾದರೆ ಆ ಸೌಧದ ಶಿಲ್ಪಿಯಾಗಲು ನೀನು ಒಪ್ಪುವೆಯಾ? ಒಪ್ಪಲಾರೆನೆಂದು ಅಲ್ಯೋಶನು ಮೆಲ್ಲನೆ ಹೇಳುತ್ತಾನೆ. ಗಮನಿಸಬೇಕಾದುದೆಂದರೆ, ಉತ್ತರ ಕೊಟ್ಟವನು ಸಂದೇಹವಾದಿಯಾದ ಅಣ್ಣನಲ್ಲ, ಮಠವಾಸಿಯಾದ ತಮ್ಮ. ಮನುಷ್ಯನಾದ ತಾನು ಒಪ್ಪದುದನ್ನು ದೇವರು ಒಪ್ಪಿದ್ದಾನೆಂದು ಹೇಳುವುದು ಅವನಿಗೆ ಆ ಗಳಿಗೆಯಿಂದ ಸಾಧ್ಯವಿಲ್ಲ.

ಈಚಿನ ಕ್ರೈಸ್ತ ತತ್ತ್ವಜ್ಞಾನಿಗಳು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಹಲವು ದಾರಿಗಳನ್ನು ತುಳಿದಿದ್ದಾರೆ. ಜಾನ್ ಹಿಕ್ ೧೯೬೬ರಲ್ಲಿ, ಲೋಕವು ಸುಖದ ಮನೆಯಲ್ಲ, ಆತ್ಮಗಳು ಪಕ್ವವಾಗುವ ಕಮ್ಮಟವೆಂದನು. ಕಮ್ಮಟದಲ್ಲಿ ಪಕ್ವವಾಗುವ ಬದಲು ಪುಡಿಯಾಗುವವರು ಅನೇಕರೆಂಬುದು ಸ್ಪಷ್ಟ. ಹಿಕ್ ಅದಕ್ಕಾಗಿ ಮರಣಾನಂತರದ ಮುಂದುವರಿಕೆಯನ್ನು ಸೇರಿಸಬೇಕಾಯಿತು. ಆಲ್ವಿನ್ ಪ್ಲಾಂಟಿಂಗಾ ೧೯೭೪ರಲ್ಲಿ ಇಚ್ಛಾಸ್ವಾತಂತ್ರ್ಯವನ್ನು ಆಧರಿಸಿ, ಸರ್ವಶಕ್ತನಾದ ದೇವರೂ ಕೇಡೂ ತಾರ್ಕಿಕವಾಗಿ ಪರಸ್ಪರ ವಿರುದ್ಧವಲ್ಲವೆಂದು ತೋರಿಸಿದನು. ತರ್ಕದ ಮಟ್ಟಿಗೆ ಅದು ಬಲವಾದ ವಾದವೆಂದು ಪ್ರತಿಪಕ್ಷದವರಲ್ಲಿಯೂ ಅನೇಕರು ಒಪ್ಪಿದ್ದಾರೆ. ಆದರೆ ವಿರೋಧವಿಲ್ಲವೆಂಬುದು ಒಂದು, ನರಳಿದವನಿಗೆ ನ್ಯಾಯ ದೊರೆಯಿತೆಂಬುದು ಇನ್ನೊಂದು.

ತಕ್ಕಡಿಯನ್ನೇ ಕೆಳಗಿಟ್ಟು ಮಾತನಾಡಿದವಳು ಅಮೆರಿಕದ ಮೆರಿಲಿನ್ ಮೆಕಾರ್ಡ್ ಆಡಮ್ಸ್. ೧೯೯೯ರ ಗ್ರಂಥದಲ್ಲಿ ಆಕೆಯು, ಲೋಕದ ಒಟ್ಟು ಮೊತ್ತವು ಲೇಸಾಗಿದೆಯೆಂದು ಸಿದ್ಧಪಡಿಸಿದರೂ ದೇವರ ಸಾಧುತ್ವವು ಸಿದ್ಧವಾಗುವುದಿಲ್ಲ ಎಂದಳು. ದೇವರು ವ್ಯಕ್ತಿಗಳನ್ನು ಪ್ರೀತಿಸುವವನ�ಾದರೆ, ಘೋರವಾದ ಕೇಡಿಗೆ ಸಿಕ್ಕ ಪ್ರತಿಯೊಬ್ಬನಿಗೂ, ಅವನ ಬಾಳಿನೊಳಗೇ, ಆ ಬಾಳು ತನಗೆ ಬೇಕಾದದ್ದೇ ಆಗಿತ್ತೆಂದು ಅವನೇ ಒಪ್ಪುವಂತೆ ದೇವರು ಒಳ್ಳೆಯವನಾಗಿರಬೇಕು. ಬೇರೆಯವರ ಲಾಭವು ಇವನ ಖಾತೆಗೆ ಜಮೆಯಾಗದು. ಇದಕ್ಕೆ ದೇವರೊಡನೆ ಐಕ್ಯವಾದ ಪರಲೋಕಜೀವನವೂ, ಶಿಲುಬೆಯ ಮೇಲೆ ದೇವರೇ ಆ ಘೋರವನ್ನು ಉಂಡನೆಂಬ ನಂಬಿಕೆಯೂ ಬೇಕು. ಎಲ್ಲರೂ ಕೊನೆಗೆ ಉದ್ಧಾರವಾಗಬೇಕೆಂಬ ತೀರ್ಮಾನವೂ ಇದರಿಂದ ಬರುತ್ತದೆ. ನಿತ್ಯನರಕವನ್ನು ನಂಬುವ ಸಂಪ್ರದಾಯಸ್ಥರಿಗೆ ಅದು ಹಿಡಿಸದು. ಆಡಮ್ಸಳ ಉತ್ತರವು ನಂಬಿಕೆಯಿಲ್ಲದವನನ್ನು ಒಪ್ಪಿಸಲಾರದು, ಒಪ್ಪಿಸುವುದು ಅದರ ಉದ್ದೇಶವೂ ಅಲ್ಲ. ಆದರೆ ೧೭೩೧ರಿಂದ ಕ್ರೈಸ್ತರ ದೈವಸಮರ್ಥನೆಯಲ್ಲಿ ಬೇರುಬಿಟ್ಟಿದ್ದ ‘ಒಟ್ಟಾರೆ’ ಎಂಬ ಮಾತನ್ನು ಅದು ಕೈಬಿಟ್ಟಿದೆ.

ಹಾಗೆ ನೋಡಿದರೆ ಹಳೆಯ ಒಡಂಬಡಿಕೆಯ ಯೋಬನ ಗ್ರಂಥದಲ್ಲಿಯೇ ಈ ಪ್ರಶ್ನೆಯ ಸುಳಿವಿದೆ. ಪರೀಕ್ಷೆಯೆಲ್ಲ ಮುಗಿದ ಮೇಲೆ ದೇವರು ಯೋಬನಿಗೆ ಕಳೆದುಕೊಂಡುದರ ಎರಡರಷ್ಟನ್ನು ಕೊಟ್ಟನೆಂದು ಅದರ ಕೊನೆಯ ಅಧ್ಯಾಯವು ಹೇಳುತ್ತದೆ. ಏಳು ಸಾವಿರ ಕುರಿಗಳಿದ್ದಲ್ಲಿ ಹದಿನಾಲ್ಕು ಸಾವಿರ, ಮೂರು ಸಾವಿರ ಒಂಟೆಗಳಿದ್ದಲ್ಲಿ ಆರು ಸಾವಿರ, ಐನೂರು ಜೋಡಿ ಎತ್ತುಗಳಿದ್ದಲ್ಲಿ ಸಾವಿರ ಜೋಡಿ. ಆದರೆ ಮಕ್ಕಳು ಮೊದಲಿದ್ದಂತೆಯೇ ಏಳು ಗಂಡು, ಮೂರು ಹೆಣ್ಣು. ಮಕ್ಕಳ ಸಂಖ್ಯೆಯೇಕೆ ಇಮ್ಮಡಿಯಾಗಲಿಲ್ಲವೆಂದು ವ್ಯಾಖ್ಯಾನಕಾರರು ಬಹುಕಾಲದಿಂದ ಚರ್ಚಿಸಿದ್ದಾರೆ. ಸತ್ತ ಹತ್ತು ಮಕ್ಕಳು ದೇವರ ಸನ್ನಿಧಿಯಲ್ಲಿ ಇದ್ದೇ ಇದ್ದಾರೆ, ಆದುದರಿಂದ ಈಗ ಯೋಬನಿಗೆ ಇಪ್ಪತ್ತು ಮಕ್ಕಳು ಎಂದು ಅವರಲ್ಲಿ ಕೆಲವರು ಉತ್ತರ ಹೇಳಿದರು.